ಮೊದಲು ಕೋಣೆ, ಆಮೇಲೆ ರೈಲು, ಕೊನೆಗೆ ಅಂಗಿ: ದಾವಣಗೆರೆಯ ಸಲಿಂಗಿ ಜೋಡಿಗೆ ಪಣಜಿಯ ವಾರಾಂತ್ಯದ ಸಮಗ್ರ ಮಾರ್ಗದರ್ಶಿ

ಕಳೆದ ದೀಪಾವಳಿಯಿಂದ ಈಚೆಗೆ ನಮ್ಮ ಊರಿನ ನಾಲ್ಕು ಜೋಡಿಗಳು ನನ್ನೆದುರು ಕುಳಿತು ಹೆಚ್ಚುಕಡಿಮೆ ಒಂದೇ ಕಥೆ ಹೇಳಿವೆ. ಹೊಸ ಅಂಗಿ ಹೊಲಿಸಿದ್ದರು, ರೈಲಿನ ಟಿಕೆಟ್ಟೋ ಕಾರೋ ಗೊತ್ತುಮಾಡಿದ್ದರು, ಗೋವಾದಲ್ಲಿ ಎಲ್ಲಿ ಊಟ ಮಾಡಬೇಕು ಎಂಬುದನ್ನೂ ಬರೆದಿಟ್ಟುಕೊಂಡಿದ್ದರು. ಒಂದು ಜೋಡಿಗೆ ವಸತಿಗೃಹದ ಕೌಂಟರಿನಲ್ಲಿ ಕೋಣೆಯೇ ಸಿಗಲಿಲ್ಲ. ಇನ್ನೊಂದಕ್ಕೆ ಎರಡು ಬೇರೆ ಬೇರೆ ಮಂಚದ ಕೋಣೆ ಸಿಕ್ಕಿತು. ಮೂರನೆಯ ಜೋಡಿ ಬಾಗಾ ಬೀಚಿನಲ್ಲಿ ಕಚೇರಿಯ ಸಹೋದ್ಯೋಗಿಗಳ ಗುಂಪನ್ನು ಕಂಡು ಉಳಿದ ಒಂದೂವರೆ ದಿನವನ್ನು ಪರದೆ ಎಳೆದ ಕೋಣೆಯಲ್ಲಿ ಕಳೆಯಿತು. ನಾಲ್ಕನೆಯವರದು ಎಲ್ಲವೂ ಚೆನ್ನಾಗಿತ್ತು, ಭಾನುವಾರ ಮಧ್ಯಾಹ್ನ ಮನೆಯಿಂದ ಫೋನ್ ಬರುವವರೆಗೆ. ಕಾರಿನ ಫಾಸ್ಟ್ಯಾಗ್ ಅಪ್ಪನ ಹೆಸರಿನಲ್ಲಿತ್ತು. ಟೋಲ್ ಕಟ್ಟಿದ ಸಂದೇಶಗಳು ಒಂದೊಂದಾಗಿ ಅಪ್ಪನ ಮೊಬೈಲಿಗೆ ಹೋಗಿದ್ದವು.

ಇವರಲ್ಲಿ ಯಾರೂ ದಡ್ಡರಲ್ಲ, ಹಣಕ್ಕೂ ಕೊರತೆ ಇರಲಿಲ್ಲ. ತಪ್ಪಿದ್ದು ಕೆಲಸದ ಕ್ರಮ. ಗಂಡು ಹೆಣ್ಣಿನ ಜೋಡಿ ಮೊದಲು ಟಿಕೆಟ್, ಆಮೇಲೆ ಕೋಣೆ ಎಂದು ಹೋದರೆ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಅದಕ್ಕಾಗಿ ಯಾವುದರ ನಂತರ ಯಾವುದು ಎಂಬುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಊರು ಸೇರುವ ಲೆಕ್ಕ ಇದು.

ಪಣಜಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಂಗಳೂರಿನಲ್ಲಿ ನಮ್ಮ ಕಡೆಯ ಅರ್ಧ ಮನೆಗಳ ಮಕ್ಕಳು ಓದುತ್ತಿದ್ದಾರೆ, ಆಸ್ಪತ್ರೆಗೆಂದು ಹೋಗುವ ನೆಂಟರೂ ಸಿಗುತ್ತಾರೆ. ಪುದುಚೇರಿ ಸೊಗಸಾದ ಊರು, ಆದರೆ ಎರಡು ರಾತ್ರಿಯ ಬಿಡುವಿಗೆ ಅದು ದೂರ. ಪಣಜಿಗೆ ಒಂದೇ ರಾತ್ರಿಯ ಪ್ರಯಾಣ ಸಾಕು. ಅಲ್ಲಿ ಊರೂ ಇದೆ, ಕಡಲೂ ಇದೆ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಇಬ್ಬರದೂ ಪ್ರತ್ಯೇಕ ಗುರುತಿನ ಚೀಟಿ ಬೇಕು. ಆಧಾರ್ ಆದರೆ ಕೊನೆಯ 4 ಅಂಕೆ ಮಾತ್ರ ಕಾಣುವ ಮರೆಮಾಡಿದ ಪ್ರತಿಯನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಯುಪಿಐ ಖಾತೆ, ಒಂದು ರಾತ್ರಿಯ ಬದಲಿ ಕೋಣೆಗೆ ಆಗುವಷ್ಟು ನಗದು, ಒಂದು ಪವರ್ ಬ್ಯಾಂಕ್ ಇರಲಿ. ನೀವು ಎಲ್ಲಿದ್ದೀರಿ, ಯಾರೊಂದಿಗಿದ್ದೀರಿ ಎಂಬ ನಿಜ ತಿಳಿದ ಒಬ್ಬ ನಂಬಿಕಸ್ಥರು ಊರಿನಲ್ಲಿ ಇರಬೇಕು. ಈ ಕೊನೆಯದಿಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 1: ಎಷ್ಟು ತೆರೆದುಕೊಳ್ಳುವುದು ಎಂಬುದನ್ನು ಇಬ್ಬರೂ ಕುಳಿತು ತೀರ್ಮಾನಿಸಿ

ಇದನ್ನು ಬಿಟ್ಟವರು ಬೀಚಿನಲ್ಲಿ ಜಗಳವಾಡುತ್ತಾರೆ. ಒಬ್ಬರಿಗೆ ಕೈ ಹಿಡಿದು ನಡೆಯುವ ಆಸೆ, ಇನ್ನೊಬ್ಬರಿಗೆ ಎದೆ ಡವಡವ. ಇಬ್ಬರದೂ ತಪ್ಪಲ್ಲ, ಆದರೆ ಅದನ್ನು ಅಲ್ಲಿ ಮಾತಾಡಿಕೊಳ್ಳಲು ಹೋದರೆ ಸಂಜೆ ಕೆಡುತ್ತದೆ. ಕುಂದವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯುತ್ತ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ: ವಸತಿಗೃಹದವರಿಗೆ ಜೋಡಿ ಎಂದು ಹೇಳುತ್ತೇವೆಯೇ? ಫೋಟೋ ತೆಗೆದರೆ ಯಾರ ಮೊಬೈಲಿನಲ್ಲಿ ಇರುತ್ತದೆ? ಪರಿಚಿತರು ಎದುರಾದರೆ ಯಾರು ಮಾತಾಡುತ್ತಾರೆ, ಏನು ಹೇಳುತ್ತಾರೆ?

ಇಬ್ಬರಲ್ಲಿ ಹೆಚ್ಚು ಅಳುಕುವವರ ಮಾತೇ ನಿಯಮವಾಗಲಿ. ಧೈರ್ಯವಿರುವವರು ಎರಡು ದಿನ ಸ್ವಲ್ಪ ತಗ್ಗಿದರೆ ಏನೂ ಕಳೆದುಕೊಳ್ಳುವುದಿಲ್ಲ. ಭಯದಲ್ಲಿರುವವರನ್ನು ಎಳೆದುಕೊಂಡು ಹೋದರೆ ಪ್ರವಾಸವೇ ಕಳೆದುಹೋಗುತ್ತದೆ.

ಮನೆಯಲ್ಲಿ ಹೇಳುವ ಮಾತು ಚಿಕ್ಕದಾಗಿರಲಿ, ನಿಜವಾಗಿರಲಿ. ‘ಸ್ನೇಹಿತನ ಜೊತೆ ಗೋವಾಕ್ಕೆ ಹೋಗುತ್ತಿದ್ದೇನೆ, ಸೋಮವಾರ ಬರುತ್ತೇನೆ’ ಎಂದರೆ ಸಾಕು. ಬೆಂಗಳೂರಿನಲ್ಲಿ ತರಬೇತಿ, ಹುಬ್ಬಳ್ಳಿಯಲ್ಲಿ ಮದುವೆ ಎಂದು ಕಟ್ಟಿದ ಕಥೆಗಳು ಒಂದು ಫೋನ್ ಕರೆಗೆ ಬಿಚ್ಚಿಕೊಳ್ಳುತ್ತವೆ. ಗೋವಾಕ್ಕೆ ಸ್ನೇಹಿತರಿಬ್ಬರು ಹೋಗುವುದನ್ನು ನಮ್ಮ ಕಡೆ ಯಾರೂ ವಿಶೇಷ ಎಂದುಕೊಳ್ಳುವುದಿಲ್ಲ.

ಹಂತ 2: ದಿನ ಗೊತ್ತುಮಾಡಿ

ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರ, ಮತ್ತೆ ಜನವರಿ ಎರಡನೇ ವಾರದಿಂದ ಫೆಬ್ರುವರಿ. ನನ್ನ ಮಟ್ಟಿಗೆ ಇವೇ ಸರಿಯಾದ ದಿನಗಳು. ಡಿಸೆಂಬರ್ 20ರಿಂದ ಜನವರಿ 2ರವರೆಗೆ ಬೆಲೆ ಏರಿರುತ್ತದೆ. ಕೋಣೆಗೆ ಜನ ಸಾಲುಗಟ್ಟಿರುವಾಗ ವಸತಿಗೃಹದವರಿಗೆ ನಿಮ್ಮ ಬಗ್ಗೆ ತಾಳ್ಮೆಯೂ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ, ಬೀಚಿನ ಶ್ಯಾಕ್‌ಗಳು (ಮರಳಿನ ಮೇಲಿನ ತಾತ್ಕಾಲಿಕ ಹೋಟೆಲುಗಳು) ಮುಚ್ಚಿರುತ್ತವೆ. ಮಳೆಯನ್ನೇ ನೋಡಲು ಹೋಗುವವರಿಗೆ ಮಾತ್ರ ಆ ತಿಂಗಳುಗಳು.

ಎರಡನೇ ಶನಿವಾರ, ನಾಲ್ಕನೇ ಶನಿವಾರ ಮತ್ತು ಸೋಮವಾರದ ಸರಕಾರಿ ರಜೆ ಸೇರಿದ ವಾರಾಂತ್ಯಗಳನ್ನು ಬಿಟ್ಟುಬಿಡಿ. ಆಗ ಬ್ಯಾಂಕಿನವರು, ಮೇಷ್ಟರು, ಕಾಲೇಜಿನ ಹುಡುಗರು ಎಲ್ಲರೂ ಗೋವಾದಲ್ಲೇ ಇರುತ್ತಾರೆ. ಊರಿನ ಪಂಚಾಂಗವನ್ನೂ ನೋಡಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಚಿತ್ರದುರ್ಗದ ಕಡೆಯವರಿಗೆ ನಾಯಕನಹಟ್ಟಿಯ ತೇರು: ಆ ವಾರ ಮನೆಯಲ್ಲಿ ಇಲ್ಲದಿದ್ದರೆ ಕೇಳದವರೂ ಕೇಳುತ್ತಾರೆ.

ಹಂತ 3: ಗೋವಾದಲ್ಲಿ ಯಾವ ಮೂಲೆ ಎಂಬುದನ್ನು ಆರಿಸಿ

‘ಗೋವಾ’ ಎಂದರೆ ಒಂದೇ ಜಾಗವಲ್ಲ. ಕಲಂಗೂಟ್ ಮತ್ತು ಬಾಗಾ ನಮ್ಮ ಜಿಲ್ಲೆಗಳ ಯುವಕರ ಗುಂಪುಗಳಿಂದ ತುಂಬಿರುತ್ತವೆ. ಗುಂಪಿನಲ್ಲಿ ಬಂದು ಕುಡಿದವರ ಮಧ್ಯೆ ನಮ್ಮಂಥವರಿಗೆ ನೆಮ್ಮದಿ ಕಡಿಮೆ. ನಾನು ಹೇಳುವುದು ಎರಡೇ ಆಯ್ಕೆ.

ಒಂದು, ಪಣಜಿ ನಗರವೇ. ಫೊಂಟೇನ್ಯಾಸ್‌ನ ಬಣ್ಣದ ಮನೆಗಳ ಓಣಿಗಳಲ್ಲಿ, ಕಾಂಪಾಲ್‌ನಲ್ಲಿ ಅಥವಾ ಮಿರಾಮಾರ್ ಬಳಿ ಕೋಣೆ ಹಿಡಿದರೆ ವಾಹನವಿಲ್ಲದೆಯೂ ಎರಡು ದಿನ ಚೆನ್ನಾಗಿ ಕಳೆಯುತ್ತವೆ. ಮಿರಾಮಾರ್ ಬೀಚು ನಗರದ ನಡುವಿನಿಂದ ಸುಮಾರು 3 ಕಿ.ಮೀ. ಎರಡು, ಉತ್ತರದ ಅಶ್ವೆಂ ಮತ್ತು ಮಾಂದ್ರೆ ತೀರ. ಅಲ್ಲಿ ಸದ್ದು ಕಡಿಮೆ, ನಾನಾ ದೇಶದ ಜನರಿರುವುದರಿಂದ ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ಆದರೆ ಸ್ವಂತ ವಾಹನವಿಲ್ಲದೆ ಅಲ್ಲಿ ಓಡಾಡುವುದು ಕಷ್ಟ. ಮೊದಲ ಸಲ ಹೋಗುವವರು ಪಣಜಿಯಲ್ಲೇ ಉಳಿಯಿರಿ.

ಒಂದು ಭ್ರಮೆಯನ್ನು ಈಗಲೇ ಬಿಡಬೇಕು. ಗೋವಾದಲ್ಲಿ ಕನ್ನಡ ಗುಟ್ಟಿನ ಭಾಷೆಯಲ್ಲ. ಅಡುಗೆಮನೆಯಲ್ಲಿ, ಕಟ್ಟಡದ ಕೆಲಸದಲ್ಲಿ, ಬೀಚಿನ ಅಂಗಡಿಯಲ್ಲಿ ಉತ್ತರ ಕರ್ನಾಟಕದವರು ಎಲ್ಲೆಲ್ಲೂ ಇದ್ದಾರೆ. ‘ಯಾರಿಗೆ ಅರ್ಥವಾಗುತ್ತದೆ’ ಎಂದು ಊಟದ ಮೇಜಿನಲ್ಲಿ ಮನೆಯ ಮಾತೆಲ್ಲ ಆಡಿದ ಒಂದು ಜೋಡಿಗೆ ಬಿಲ್ ತಂದ ಹುಡುಗ ರಾಣೆಬೆನ್ನೂರಿನವನಾಗಿದ್ದ. ಅವನು ನಗುಮುಖದಿಂದಲೇ ಮಾತಾಡಿಸಿದ, ಆದರೆ ಇವರ ಊಟ ಗಂಟಲಲ್ಲಿ ಇಳಿಯಲಿಲ್ಲ.

ಹಂತ 4: ಕೋಣೆ. ಇದು ಗಟ್ಟಿಯಾಗುವವರೆಗೆ ಬೇರೆ ಯಾವುದಕ್ಕೂ ಹಣ ಕೊಡಬೇಡಿ

ನನ್ನ ಮೊದಲ ಪ್ರವಾಸದಲ್ಲಿ ಕೋಣೆ ಕಾದಿರಿಸುವ ಆ್ಯಪ್‌ನಲ್ಲಿ ‘ಕಪಲ್ ಫ್ರೆಂಡ್ಲಿ’ ಎಂಬ ಗುರುತು ನೋಡಿ ಮುಂಗಡ ಕಟ್ಟಿದ್ದೆ. ಬೆಳಗಿನ ಜಾವ ಕೌಂಟರಿನಲ್ಲಿದ್ದವರು ಇಬ್ಬರ ಚೀಟಿಗಳನ್ನೂ ನೋಡಿ, ‘ಇದು ಜೋಡಿಗಳಿಗೆ ಮಾತ್ರ’ ಎಂದರು. ನಾವೂ ಜೋಡಿಯೇ ಎಂದು ಹೇಳಲು ನನ್ನ ಬಾಯಿ ಏಳಲಿಲ್ಲ. ಚೀಲಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡು ಮಿರಾಮಾರ್‌ನ ಬೆಂಚಿನ ಮೇಲೆ 10 ಗಂಟೆಯವರೆಗೆ ಕುಳಿತಿದ್ದೆವು. ಆ ಗುರುತಿನ ಅರ್ಥ ಮದುವೆಯಾಗದ ಗಂಡು ಹೆಣ್ಣಿಗೆ ಕೋಣೆ ಕೊಡುತ್ತೇವೆ ಎಂದಷ್ಟೇ ಎಂಬುದು ಅಂದು ಗೊತ್ತಾಯಿತು. ಅದನ್ನು ನಂಬಬೇಡಿ.

ಮೊದಲು ಮೂರು ಜಾಗಗಳನ್ನು ಗುರುತಿಸಿ. ಬುಕಿಂಗ್ ಡಾಟ್ ಕಾಮ್‌ನಲ್ಲಿ ‘ಟ್ರಾವೆಲ್ ಪ್ರೌಡ್’ ಎಂಬ ಗುರುತು ಇರುವ ಕಡೆ ಸಲಿಂಗಿ ಅತಿಥಿಗಳನ್ನು ಬರಮಾಡಿಕೊಳ್ಳುವ ತರಬೇತಿ ಆಗಿರುತ್ತದೆ. ಏರ್‌ಬಿಎನ್‌ಬಿಯ ನಿಯಮದಂತೆ ಲೈಂಗಿಕ ಒಲವಿನ ಕಾರಣಕ್ಕೆ ಮನೆಯವರು ಅತಿಥಿಯನ್ನು ನಿರಾಕರಿಸುವಂತಿಲ್ಲ. ಕೈಯಲ್ಲಿ ಹಣ ಧಾರಾಳವಾಗಿದ್ದರೆ ದಕ್ಷಿಣ ಗೋವಾದ ಕಾಣಕೋಣದಲ್ಲಿ ಲಲಿತ್ ಸಮೂಹದ ರೆಸಾರ್ಟ್ ಇದೆ. ಆ ಸಮೂಹದ ಕೇಶವ್ ಸೂರಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು. ಆದರೆ ಅದು ಪಣಜಿಯಿಂದ ದೂರ.

ಗುರುತು ನೋಡಿದ ಮೇಲೂ ಫೋನ್ ಮಾಡಲೇಬೇಕು. ಹೇಳಬೇಕಾದದ್ದು ಇಷ್ಟೇ: ‘ನಾವು ಇಬ್ಬರು ಗಂಡಸರು, ಜೋಡಿ. ಒಂದೇ ದೊಡ್ಡ ಮಂಚದ ಕೋಣೆ ಬೇಕು. ಇಬ್ಬರ ಹೆಸರಿನಲ್ಲೂ ಕಾದಿರಿಸುತ್ತೇವೆ. ನಿಮ್ಮಲ್ಲಿ ಅಡ್ಡಿಯಿಲ್ಲವೇ?’ ಕ್ಷಮೆ ಕೇಳುವ ದನಿಯಲ್ಲಿ ಹೇಳಬೇಡಿ. ಬಿಸಿನೀರು ಇದೆಯೇ ಎಂದು ಕೇಳುವ ದನಿಯಲ್ಲಿ ಕೇಳಿ. ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ‘ಖಂಡಿತ, ಎಷ್ಟು ರಾತ್ರಿ?’ ಎಂದರೆ ಅದು ನಿಮ್ಮ ಜಾಗ. ‘ಮ್ಯಾನೇಜರನ್ನು ಕೇಳಿ ಹೇಳುತ್ತೇನೆ’ ಎಂದರೆ ಒಂದು ದಿನ ಕಾಯಬಹುದು. ‘ನೀವು ಸಂಬಂಧದಲ್ಲಿ ಏನಾಗಬೇಕು?’ ಎಂದು ಎರಡು ಸಲ ಕೇಳಿದರೆ ಬಿಟ್ಟುಬಿಡಿ. ಎಲ್ಲಕ್ಕಿಂತ ಅಪಾಯದ ಉತ್ತರ ‘ಬನ್ನಿ, ನೋಡೋಣ’ ಎಂಬುದು. ಮುಂಗಡ ಅವರ ಕೈಯಲ್ಲಿ ಉಳಿಯುತ್ತದೆ, ನೀವು ಬೀದಿಯಲ್ಲಿ ಉಳಿಯುತ್ತೀರಿ.

ಎರಡನೇ ಫೋನನ್ನು ರಾತ್ರಿ 10ರ ನಂತರ ಮಾಡಿ. ಹಗಲಿನ ಮ್ಯಾನೇಜರ್ ಒಪ್ಪಿದ್ದು ರಾತ್ರಿ ಪಾಳಿಯವರಿಗೆ ಗೊತ್ತಿರುವುದಿಲ್ಲ. ನಿಮ್ಮ ರೈಲು ತಲುಪುವ ಹೊತ್ತಿಗೆ ಕೌಂಟರಿನಲ್ಲಿ ಇರುವವರು ಅವರೇ. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಇಬ್ಬರ ಹೆಸರು, ದಿನಾಂಕ, ಒಂದೇ ಮಂಚ, ಬೆಳಿಗ್ಗೆ ಎಷ್ಟು ಗಂಟೆಗೆ ಕೋಣೆ ಸಿಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ 12 ಅಥವಾ 2 ಗಂಟೆಯ ಮೊದಲು ಕೋಣೆ ಕೊಡುವುದಿಲ್ಲ. ಹೆಚ್ಚಿನ ಹಣ ಕೊಟ್ಟು ಬೇಗ ಪಡೆಯುವುದೋ, ಚೀಲ ಇಟ್ಟು ಸ್ನಾನಕ್ಕೆ ಜಾಗ ಕೇಳುವುದೋ ಮೊದಲೇ ಇತ್ಯರ್ಥವಾಗಲಿ. ಹಣ ಹಿಂದಿರುಗುವ ದರವನ್ನೇ ಆರಿಸಿಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. ರಾತ್ರಿಯೊಂದಕ್ಕೆ 7,500 ರೂಪಾಯಿ ದಾಟಿದ ಕೋಣೆಗೆ ಜಿಎಸ್‌ಟಿ ಶೇ 18 ಆಗುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಹೆಣ್ಣುಮಕ್ಕಳ ಜೋಡಿಗೆ ಕೌಂಟರಿನಲ್ಲಿ ಸಾಮಾನ್ಯವಾಗಿ ತೊಂದರೆ ಕಡಿಮೆ. ಗೆಳತಿಯರು ಎಂದುಕೊಂಡು ಕೀಲಿ ಕೊಡುತ್ತಾರೆ. ಅವರಿಗೆ ತೊಡಕಾಗುವುದು ರಾತ್ರಿಯ ಓಡಾಟ. ಅದಕ್ಕಾಗಿ ಕಾವಲಿನವರಿರುವ, ಮುಖ್ಯರಸ್ತೆಗೆ ಹತ್ತಿರದ ಜಾಗವನ್ನೇ ಹಿಡಿಯಿರಿ. ಜೋಡಿಯಲ್ಲಿ ಒಬ್ಬರು ಲಿಂಗತ್ವ ಅಲ್ಪಸಂಖ್ಯಾತರಾಗಿದ್ದು ಚೀಟಿಯ ಫೋಟೋಕ್ಕೂ ಈಗಿನ ರೂಪಕ್ಕೂ ವ್ಯತ್ಯಾಸವಿದ್ದರೆ ಅದನ್ನು ಫೋನಿನಲ್ಲೇ ತಿಳಿಸಿ. ಕೌಂಟರಿನಲ್ಲಿ ನಾಲ್ಕು ಜನರ ಮುಂದೆ ವಿವರಿಸುವ ಸಂಕಟ ತಪ್ಪುತ್ತದೆ.

ಕಾನೂನು ಎಲ್ಲಿ ನಿಂತಿದೆ ಎಂಬುದು ಗೊತ್ತಿರಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 377ನೇ ಕಲಮೇ ಇಲ್ಲ. ಇಬ್ಬರು ವಯಸ್ಕರು ಒಂದು ಕೋಣೆಯಲ್ಲಿ ತಂಗುವುದನ್ನು ತಡೆಯುವ ಕಾನೂನೂ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಂತೆ ನಮ್ಮ ಮದುವೆಗೆ ಮಾತ್ರ ಕಾನೂನಿನ ಮಾನ್ಯತೆ ಸಿಕ್ಕಿಲ್ಲ. ಇಷ್ಟು ತಿಳಿದಿದ್ದರೆ ಬೆನ್ನು ನೆಟ್ಟಗಿರುತ್ತದೆ. ಆದರೂ ಬೆಳಗಿನ ಜಾವ ಐದಕ್ಕೆ ಕೌಂಟರಿನಲ್ಲಿ ವಾದಕ್ಕೆ ನಿಲ್ಲಬೇಡಿ. ಪಟ್ಟಿಯ ಎರಡನೇ ಜಾಗಕ್ಕೆ ಹೋಗಿ, ಮಲಗಿ, ದೂರನ್ನು ಮಧ್ಯಾಹ್ನ ಬರೆಯಿರಿ.

ಹಂತ 5: ಈಗ ಪ್ರಯಾಣ

ಯಶವಂತಪುರದಿಂದ ವಾಸ್ಕೋ ಡ ಗಾಮಾಕ್ಕೆ ಹೋಗುವ ರೈಲು ದಾವಣಗೆರೆ, ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಮಡಗಾಂವ್ ಮುಟ್ಟುತ್ತದೆ. ರಾತ್ರಿ ಹತ್ತಿದರೆ ಬೆಳಗಿನ ಜಾವ ಗೋವಾ. ಚಿತ್ರದುರ್ಗದವರು ಚಿಕ್ಕಜಾಜೂರಿಗೋ ದಾವಣಗೆರೆಗೋ ಬಂದು ಹತ್ತಬೇಕು. ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ, ಹಳೆಯ 120 ದಿನದ ಲೆಕ್ಕ 2024ರ ನವೆಂಬರ್‌ಗೆ ಮುಗಿಯಿತು. ಎರಡನೇ ದರ್ಜೆಯ ಎಸಿಯಲ್ಲಿ ಪಕ್ಕದ ಸಾಲಿನ ಮೇಲಿನ ಮತ್ತು ಕೆಳಗಿನ ಬರ್ತ್ ಕೇಳಿ. ಅಲ್ಲಿ ನೀವಿಬ್ಬರೇ, ಜೊತೆಗೆ ಪರದೆಯೂ ಇರುತ್ತದೆ. ಮಡಗಾಂವ್‌ನಲ್ಲಿ ಇಳಿದು ಬಸ್ ನಿಲ್ದಾಣಕ್ಕೆ ಆಟೋ ಹಿಡಿದರೆ ಅಲ್ಲಿಂದ ಪಣಜಿಗೆ ಕದಂಬ ಸಾರಿಗೆಯ ನೇರ ಬಸ್‌ಗಳಿವೆ, ಸುಮಾರು 35 ಕಿ.ಮೀ. ಪಣಜಿಗೆ ಹತ್ತಿರದ ನಿಲ್ದಾಣ ಕರಮಳಿ ಎಂದು ಓದಿ ಅದನ್ನು ಹುಡುಕುತ್ತ ಕೂರಬೇಡಿ. ಅದು ಕೊಂಕಣ ರೈಲ್ವೆಯ ಹಾದಿ, ಈ ರೈಲು ಅಲ್ಲಿಗೆ ಹೋಗುವುದಿಲ್ಲ.

ಕಾರಾದರೆ ದಾವಣಗೆರೆಯಿಂದ ಹುಬ್ಬಳ್ಳಿಯ ಮೇಲೆ ಪಣಜಿಗೆ 300 ಕಿ.ಮೀ.ಗೂ ಹೆಚ್ಚು. ಅನಮೋಡ ಘಾಟಿಯನ್ನು ಹಗಲಿನಲ್ಲೇ ಇಳಿಯಿರಿ. ಮರಳಿ ಬರುವಾಗ ಮದ್ಯದ ಬಾಟಲಿ ತರಬೇಡಿ. ಗಡಿಯಲ್ಲಿ ಅಬಕಾರಿ ತಪಾಸಣೆ ಇರುತ್ತದೆ, ಇಬ್ಬರ ಹೆಸರು ಒಂದು ಸರಕಾರಿ ಕಾಗದದಲ್ಲಿ ಸೇರುವ ಹಾಗೆ ಆಗುವುದು ನಿಮಗೆ ಬೇಕಿಲ್ಲ.

ಹಂತ 6: ಮೊಬೈಲಿನ ಬಾಯಿ ಕಟ್ಟಿ

ಊರ ಬಾಯಿಗಿಂತ ಈಗ ಮೊಬೈಲಿನ ಬಾಯಿ ದೊಡ್ಡದು. ಹೊರಡುವ ವಾರದಲ್ಲಿ ಇಬ್ಬರೂ ಒಂದು ಗಂಟೆ ಇದಕ್ಕೇ ಕೊಡಿ. ಐಆರ್‌ಸಿಟಿಸಿ ಖಾತೆ ಅಣ್ಣನದೋ ಅಪ್ಪನದೋ ಆಗಿದ್ದರೆ ಟಿಕೆಟ್ಟಿನ ಸಂದೇಶ ಎರಡು ಹೆಸರುಗಳ ಸಮೇತ ಅವರಿಗೆ ಹೋಗುತ್ತದೆ. ಸ್ವಂತ ಖಾತೆ ಮಾಡಿಕೊಳ್ಳಿ. ಫಾಸ್ಟ್ಯಾಗ್ ಯಾವ ಮೊಬೈಲ್ ಸಂಖ್ಯೆಗೆ ಸೇರಿದೆ ನೋಡಿ. ಮನೆಯ ಜಂಟಿ ಬ್ಯಾಂಕ್ ಖಾತೆಯಿಂದ ಗೋವಾದ ಬಾರಿಗೆ ಹಣ ಹೋಗದಿರಲಿ.

ಫೋಟೋಗಳು ತಾವಾಗಿಯೇ ಕುಟುಂಬದ ಟಿವಿಗೋ ತಂಗಿಯ ಟ್ಯಾಬ್ಲೆಟ್ಟಿಗೋ ಹೋಗುವ ವ್ಯವಸ್ಥೆ ಬಹಳ ಮನೆಗಳಲ್ಲಿದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ನಿಲ್ಲಿಸಿ, ಇನ್‌ಸ್ಟಾಗ್ರಾಂನಲ್ಲಿ ಸ್ಥಳದ ಗುರುತು ತೆಗೆಯಿರಿ. ಸ್ಟೇಟಸ್ ಹಾಕುವ ಆಸೆಯಾದರೆ ಊರಿಗೆ ಬಂದ ಮೇಲೆ ಸಮುದ್ರದ್ದು ಮಾತ್ರ ಹಾಕಿ. ಒಬ್ಬರು ನೀಲಿ ಅಂಗಿಯ ತೋಳಷ್ಟೇ ಕಾಣುವ ಫೋಟೋ ಹಾಕಿದ್ದರು. ಇನ್ನೊಬ್ಬರ ಸ್ಟೇಟಸ್‌ನಲ್ಲಿ ಅದೇ ನೀಲಿ ಅಂಗಿ ಇತ್ತು. ಓಣಿಯವರಿಗೆ ಅಷ್ಟು ಸಾಕಾಯಿತು.

ಕೊನೆಯದಾಗಿ, ಮೊಬೈಲ್ ಬೀಗ ತೆಗೆಯದೆಯೂ ಕಾಣುವ ತುರ್ತು ಮಾಹಿತಿಯಲ್ಲಿ ಪರಸ್ಪರರ ಹೆಸರು, ಸಂಖ್ಯೆ, ರಕ್ತದ ಗುಂಪು ಬರೆದಿಡಿ. ಆಸ್ಪತ್ರೆಯಲ್ಲಿ ‘ಸಂಬಂಧಿಕರು ಯಾರು?’ ಎಂದು ಕೇಳಿದಾಗ ತೋರಿಸಲು ಅದೊಂದಾದರೂ ಇರುತ್ತದೆ.

ಹಂತ 7: ಉಡುಪು

ಈಗ ಅಂಗಿಯ ಮಾತು. ನಮ್ಮ ಬಯಲುಸೀಮೆಯ ಬಿಸಿಲು ಒಣ ಬಿಸಿಲು. ಕರಾವಳಿಯ ಗಾಳಿ ತೇವದ್ದು. ಇಲ್ಲಿ ಗರಿಗರಿಯಾಗಿ ನಿಲ್ಲುವ ಗಂಜಿ ಹಾಕಿದ ಅಂಗಿ ಅಲ್ಲಿ ಅರ್ಧ ಗಂಟೆಯಲ್ಲಿ ಬೆನ್ನಿಗೆ ಅಂಟುತ್ತದೆ. ಲಿನನ್ ಅಥವಾ ತೆಳುವಾದ ಮಲ್ ಹತ್ತಿಯನ್ನು ಆರಿಸಿ, ಸ್ವಲ್ಪ ಸಡಿಲವಾಗಿ ಹೊಲಿಸಿ. ಮಂಡಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ತಾನುಗಳನ್ನು ಕೈಯಲ್ಲಿ ಮುದುಡಿ ನೋಡಿ ತೆಗೆದುಕೊಳ್ಳಿ. ಮದುವೆಯ ಕಾಲದಲ್ಲಿ ದರ್ಜಿಗಳಿಗೆ ಬಿಡುವಿರುವುದಿಲ್ಲ, ಮೂರು ವಾರ ಮೊದಲೇ ಕೊಡಿ.

ಒಂದೇ ತಾನಿನಲ್ಲಿ ಎರಡು ಅಂಗಿ ಹೊಲಿಸಬೇಡಿ. ಒಬ್ಬರದು ಮಾಸಲು ಹಸಿರಾದರೆ ಇನ್ನೊಬ್ಬರದು ಕೆನೆಬಣ್ಣ ಇರಲಿ, ಪಕ್ಕದಲ್ಲಿ ನಿಂತಾಗ ಒಪ್ಪುವಂತಿದ್ದರೆ ಸಾಕು. ಕಡುನೀಲಿ ಮತ್ತು ಕಪ್ಪಿನ ಮೇಲೆ ಬೆವರಿನ ಉಪ್ಪು ಬಿಳಿಯಾಗಿ ಕಾಣುತ್ತದೆ. ಚರ್ಮದ ಬೂಟು ಮನೆಯಲ್ಲಿರಲಿ. ರಾತ್ರಿಯ ಊಟಕ್ಕೆ ಒಂದು ವಿಶೇಷ ಬೇಕೆನಿಸಿದರೆ ನಮ್ಮ ಮೊಳಕಾಲ್ಮೂರು ರೇಷ್ಮೆಯಷ್ಟು ಚೆಂದದ್ದು ಇನ್ನೊಂದಿಲ್ಲ. ನನ್ನ ಸಂಗಾತಿ ಅಜ್ಜಿಯ ಹಳೆಯ ಸೀರೆಯ ಸೆರಗನ್ನು ಶಲ್ಯ ಮಾಡಿಸಿಕೊಂಡಿದ್ದಾನೆ. ಬಿಳಿ ಅಂಗಿಯ ಮೇಲೆ ಅದನ್ನು ಹೊದ್ದು ಕಾಂಪಾಲ್‌ನ ನದೀತೀರದಲ್ಲಿ ಅವನು ನಡೆದ ಸಂಜೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ.

ಹಂತ 8: ಅಲ್ಲಿನ ಎರಡು ದಿನ

ಶನಿವಾರ ಬೆಳಿಗ್ಗೆ ಮಲಗಿ. ರೈಲಿನ ನಿದ್ದೆ ನಿದ್ದೆಯಲ್ಲ. ಹತ್ತರ ಸುಮಾರಿಗೆ ಪೊಯಿ ಎಂಬ ಗೋವಾದ ಬ್ರೆಡ್ಡಿನೊಂದಿಗೆ ತಿಂಡಿ ತಿಂದು ಫೊಂಟೇನ್ಯಾಸ್‌ನ ಓಣಿಗಳಲ್ಲಿ ನಡೆಯಿರಿ. ಅವು ಜನರು ವಾಸಿಸುವ ಮನೆಗಳು. ಬಾಗಿಲ ಮೆಟ್ಟಿಲ ಮೇಲೆ ಕುಳಿತು ಫೋಟೋ ತೆಗೆದರೆ ಅಲ್ಲಿನವರಿಗೆ ಕಿರಿಕಿರಿಯಾಗುತ್ತದೆ, ಫೋಟೋ ಬೇಡ ಎಂಬ ಫಲಕಗಳೂ ಇವೆ. ಮಧ್ಯಾಹ್ನ ಬಹಳಷ್ಟು ಅಂಗಡಿಗಳು ಬಾಗಿಲು ಹಾಕುತ್ತವೆ, ಭಾನುವಾರವೂ ಹಾಗೆಯೇ. ಕೊಳ್ಳುವುದೇನಿದ್ದರೂ ಶನಿವಾರ ಬೆಳಿಗ್ಗೆ ಅಥವಾ ಸಂಜೆ.

ಸಂಜೆ ಮಿರಾಮಾರ್. ಅಲ್ಲಿ ಮಾಂಡೋವಿ ನದಿ ಕಡಲು ಸೇರುತ್ತದೆ, ಒಳಸೆಳೆತ ಜೋರಾಗಿರುತ್ತದೆ, ಈಜಬೇಡಿ. ನಡೆಯುವುದಕ್ಕೆ ಮತ್ತು ಸೂರ್ಯ ಮುಳುಗುವುದನ್ನು ನೋಡುವುದಕ್ಕೆ ಮಾತ್ರ ಆ ಬೀಚು. ಈಜಬೇಕೆನಿಸಿದರೆ ಉತ್ತರದ ತೀರಗಳಲ್ಲಿ ಜೀವರಕ್ಷಕರು ಕೆಂಪು ಹಳದಿ ಬಾವುಟ ನೆಟ್ಟ ಜಾಗದಲ್ಲಿ ಇಳಿಯಿರಿ. ಬರೀ ಕೆಂಪು ಬಾವುಟವಿದ್ದರೆ ಕಾಲನ್ನೂ ಇಡಬೇಡಿ. ಬಯಲುಸೀಮೆಯ ನಾವು ಕೆರೆಯಲ್ಲಿ ಈಜು ಕಲಿತವರು, ಕಡಲಿನ ಲೆಕ್ಕವೇ ಬೇರೆ.

ರಾತ್ರಿಯ ಊಟಕ್ಕೆ ಮೇಜನ್ನು ಮೊದಲೇ ಹೇಳಿಟ್ಟುಕೊಳ್ಳಿ. ಮೂಲೆಯ ಮೇಜು ಕೇಳಿದರೆ ಕೊಡುತ್ತಾರೆ. ಮಾಂಸ ತಿನ್ನುವವರು ಕಫ್ರಿಯಾಲ್, ಶಾಕುತಿ ಎಂಬ ಮಸಾಲೆಯ ಅಡುಗೆಗಳನ್ನು ನೋಡಿ. ಸಸ್ಯಾಹಾರಿಗಳು ಅಣಬೆಯ ಶಾಕುತಿ, ಕೋಕಂ ಮತ್ತು ತೆಂಗಿನ ಹಾಲಿನ ಸೋಲ್‌ಕಡಿ ಕೇಳಿ. ಕೊನೆಯಲ್ಲಿ ಪದರ ಪದರವಾದ ಬೆಬಿಂಕಾ ಎಂಬ ಸಿಹಿ. ಒಂದು ಒಳ್ಳೆಯ ಊಟಕ್ಕೆ ಖರ್ಚು ಮಾಡಿ, ಮೂರು ಸಾಧಾರಣ ಊಟಕ್ಕಲ್ಲ.

ಭಾನುವಾರ ನದಿಯ ಆಚೆಯ ರೈಸ್ ಮಾಗೋಸ್ ಕೋಟೆ ನನ್ನ ಆಯ್ಕೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿ ಬೆಳೆದವರಿಗೆ ಅದು ಅಂಗಳದಷ್ಟು ಚಿಕ್ಕದು. ಆದರೆ ಮೇಲಿನಿಂದ ಮಾಂಡೋವಿಯ ಮುಖ ಪೂರ್ತಿ ಕಾಣುತ್ತದೆ, ಒಳಗೆ ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಚಿತ್ರಗಳಿವೆ. ಸ್ಕೂಟರ್ ಬಾಡಿಗೆಗೆ ಹಿಡಿಯುವಾಗ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುವುದನ್ನೇ ತೆಗೆದುಕೊಳ್ಳಿ. ಬಿಳಿ ಫಲಕದ ಖಾಸಗಿ ಸ್ಕೂಟರ್ ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಪೊಲೀಸರು ನಿಲ್ಲಿಸುವುದು ಅಂಥವನ್ನೇ. ಟ್ಯಾಕ್ಸಿಗೆ ಗೋವಾಮೈಲ್ಸ್ ಆ್ಯಪ್ ಇದೆ.

ಕೈ ಹಿಡಿಯಬಹುದೇ? ಫೊಂಟೇನ್ಯಾಸ್‌ನಲ್ಲಿ, ಅಶ್ವೆಂ ತೀರದಲ್ಲಿ ನಾವು ಹಿಡಿದಿದ್ದೇವೆ, ಯಾರೂ ಏನೂ ಹೇಳಲಿಲ್ಲ. ಮುತ್ತು, ಅಪ್ಪುಗೆ ಕೋಣೆಯೊಳಗಿರಲಿ. ಸಾರ್ವಜನಿಕ ಜಾಗದ ಅಶ್ಲೀಲತೆಯ ಕಲಮು ಗಂಡು ಹೆಣ್ಣಿನ ಜೋಡಿಗಳ ಮೇಲೂ ಬಳಕೆಯಾಗುತ್ತದೆ, ನಮ್ಮ ಮೇಲೆ ಇನ್ನೂ ಸುಲಭವಾಗಿ ಬಳಕೆಯಾದೀತು. ಬೀಚಿನ ಮರಳಿನಲ್ಲಿ ಕುಳಿತು ಮದ್ಯ ಕುಡಿಯುವುದಕ್ಕೂ ಗೋವಾದಲ್ಲಿ ದಂಡವಿದೆ.

ಹಂತ 9: ಅಪಾಯದ ಸೂಚನೆಗಳು

ಜೋಡಿಯಾಗಿ ಹೋದವರೂ ಅಲ್ಲಿ ಸ್ನೇಹಿತರನ್ನು ಹುಡುಕಲು ಗ್ರೈಂಡರ್‌ನಂಥ ಆ್ಯಪ್ ತೆರೆಯುವುದುಂಟು. ನಕಲಿ ಖಾತೆಯಿಂದ ಕರೆಸಿಕೊಂಡು, ವಿಡಿಯೊ ಮಾಡಿಕೊಂಡು, ಹಣ ಕೀಳುವ ಗುಂಪುಗಳು ದೇಶದ ಅನೇಕ ಊರುಗಳಲ್ಲಿ ಸಿಕ್ಕಿಬಿದ್ದಿವೆ. ವಿಡಿಯೊ ಕರೆಗೆ ಒಪ್ಪದವರು, ಮೊದಲ ಭೇಟಿಗೇ ನಿರ್ಜನ ಜಾಗ ಹೇಳುವವರು, ನಿಮ್ಮ ಕಚೇರಿ ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ಕೆದಕುವವರು, ಕೊನೆಯ ಗಳಿಗೆಯಲ್ಲಿ ಜಾಗ ಬದಲಿಸುವವರು: ಇವುಗಳಲ್ಲಿ ಒಂದು ಕಂಡರೂ ಹೋಗಬೇಡಿ. ಭೇಟಿ ಜನರಿರುವ ಕೆಫೆಯಲ್ಲೇ ಆಗಲಿ.

ಯಾರಾದರೂ ‘ಮನೆಗೆ ಹೇಳುತ್ತೇನೆ’ ಎಂದು ಬೆದರಿಸಿ ಹಣ ಕೇಳಿದರೆ ಮೊದಲ ರೂಪಾಯಿಯನ್ನೂ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಮತ್ತೆ ಮತ್ತೆ ಕೇಳುತ್ತಾರೆ. ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಿ. ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆ, ಅಪರಾಧಿ ಅವರು, ನೀವಲ್ಲ. ತುರ್ತಿಗೆ 112, ಆನ್‌ಲೈನ್ ಹಣ ಹೋಗಿದ್ದರೆ 1930, ಉಚಿತ ಕಾನೂನು ನೆರವಿಗೆ 15100. ಪೊಲೀಸ್ ಎಂದು ಹೇಳಿಕೊಂಡು ಯುಪಿಐಗೆ ಹಣ ಹಾಕಿಸಿಕೊಳ್ಳಲು ನೋಡುವವರಿಗೆ ಹೆಸರು, ಠಾಣೆ ಕೇಳಿ, ಠಾಣೆಗೇ ಹೋಗೋಣ ಎನ್ನಿ. ಮನಸ್ಸು ಕುಸಿದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು.

ಆರೋಗ್ಯದ ಮಾತು ನಾಚಿಕೆಯಿಲ್ಲದೆ ಕೇಳಿ. ಕಾಂಡೋಮ್ ಮತ್ತು ಜಿಗುಟಿಲ್ಲದ ನೀರಿನಂಶದ ಜೆಲ್ ಊರಿನಿಂದಲೇ ಒಯ್ಯಿರಿ, ಎಣ್ಣೆ ಕಾಂಡೋಮನ್ನು ಹರಿಯುತ್ತದೆ. ಎಡವಟ್ಟಾಗಿ ಎಚ್‌ಐವಿ ಸೋಂಕಿನ ಶಂಕೆ ಬಂದರೆ ಅದನ್ನು ತಡೆಯುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಪಣಜಿಯ ಹತ್ತಿರ ಬಾಂಬೋಳಿಯಲ್ಲಿ ಗೋವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಊರಿಗೆ ಹೋಗಿ ನೋಡೋಣ ಎಂದು ಭಾನುವಾರವನ್ನು ಕಳೆಯಬೇಡಿ. ಮಾಹಿತಿಗೆ 1097ಕ್ಕೆ ಕರೆ ಮಾಡಿ.

ಹಂತ 10: ಮರಳಿ ಊರಿಗೆ

ಭಾನುವಾರ ರಾತ್ರಿಯ ರೈಲಿಗೆ ಮೂರು ಗಂಟೆ ಮೊದಲೇ ಪಣಜಿ ಬಿಡಿ. ಸೋಮವಾರ ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿರಿ, ರೈಲು ತಡವಾದರೆ ಕಚೇರಿಗೆ ಸುಳ್ಳು ಹೇಳುವ ಪ್ರಮೇಯ ಬರುವುದಿಲ್ಲ. ದಾವಣಗೆರೆ ನಿಲ್ದಾಣದಲ್ಲಿ ಇಳಿದ ಕೂಡಲೇ ಅವಸರದಿಂದ ದೂರ ಸರಿಯುವುದು ಒಂದು ದೊಡ್ಡ ನೋವು. ಎರಡು ದಿನ ಒಟ್ಟಿಗಿದ್ದವರು ಆಟೋ ನಿಲ್ದಾಣದಲ್ಲಿ ಅಪರಿಚಿತರಂತೆ ಬೇರೆಯಾಗುವುದನ್ನು ನಾನು ಅನುಭವಿಸಿದ್ದೇನೆ. ಆ ಬೀಳ್ಕೊಡುಗೆಯನ್ನು ರೈಲಿನಲ್ಲೇ, ಹರಿಹರ ದಾಟುವ ಮೊದಲು ಪರದೆಯ ಒಳಗೆ ಮುಗಿಸಿಕೊಳ್ಳಿ. ಇಳಿದ ಮೇಲೆ ಸ್ನೇಹಿತರಂತೆ ಒಟ್ಟಿಗೆ ಕುಳಿತು ಬೆಣ್ಣೆದೋಸೆ ತಿನ್ನಿ. ಅದಕ್ಕೆ ಯಾರ ಅಭ್ಯಂತರವೂ ಇಲ್ಲ.

ಅದೇ ವಾರ ಒಂದು ಕೆಲಸ ಬಾಕಿ ಇರುತ್ತದೆ. ಕೋಣೆ ಕೊಟ್ಟವರು ಗೌರವದಿಂದ ನಡೆದುಕೊಂಡಿದ್ದರೆ ಜಾಗದ ಹೆಸರು, ಫೋನಿನಲ್ಲಿ ಅವರು ಕೊಟ್ಟ ಉತ್ತರ, ರಾತ್ರಿ ಪಾಳಿಯವರ ನಡವಳಿಕೆ, ಕೋಣೆ ಕೈಗೆ ಸಿಕ್ಕ ಸಮಯ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಜೋಡಿ ಕೇಳಿಕೊಂಡು ಬಂದಾಗ ಅದನ್ನು ಅವರ ಕೈಗೆ ಕೊಡಿ.